ಎಡಗಿವಿಯ ಹಿಂದಿನ ಕುಚ್ಚು

ವಲಸೆ ಬಂದವರನ್ನು ಕೂಡಿಹಾಕುವ ಆ ಕೇಂದ್ರದ ಗೇಟು ತೆರೆಯಿತು. ಬಿಡುಗಡೆಯಾದವನೊಬ್ಬ ಹೊರಬಂದು ಬೆನ್ನು ತಿರುಗಿಸಿ ನಿಂತಾಗ, ಕ್ಷೌರಿಕನ ಮಗಳ ಕಣ್ಣು ಅವನ ತಲೆಯ ಮೇಲೆ ನೆಟ್ಟಿತು. ಕಿಂಡಿಯಲ್ಲಿದ್ದ ಗುಮಾಸ್ತ ಆಗಷ್ಟೇ, "ನಿಮ್ಮಪ್ಪ ಇಲ್ಲಿಲ್ಲಮ್ಮ, ಬೇರೆ ಕಡೆ ವಿಚಾರಿಸಿ," ಎಂದು ಸಾಗಹಾಕಿದ್ದ. ಅಪ್ಪನನ್ನು ಹಿಡಿದೊಯ್ದಾಗಿನಿಂದ ಹೋದ ಕಡೆಯೆಲ್ಲ ಇದೇ ರಾಗ.

ಆ ಮನುಷ್ಯನ ಕುತ್ತಿಗೆಯ ಮೇಲೆ ಕೂದಲಿನ ಅಂಚು ದಾರ ಹಿಡಿದು ಕತ್ತರಿಸಿದಷ್ಟು ನೇರವಾಗಿತ್ತು. ಆದರೆ ಎಡಗಿವಿಯ ಹಿಂದೆ ಸಣ್ಣದೊಂದು ಕುಚ್ಚು ಹಾಗೇ ಉಳಿದಿತ್ತು. ಅಪ್ಪ ಪ್ರತಿ ತಲೆಯಲ್ಲೂ ಬಿಡುವ ಕುಚ್ಚು! ಅಂಗಡಿಯಲ್ಲಿ ಗಿರಾಕಿ ಕುರ್ಚಿಯಿಂದ ಏಳುವ ಮೊದಲು ಅವಳು ಸದ್ದಿಲ್ಲದೆ ಅದನ್ನು ಕತ್ತರಿಸಿಬಿಡುತ್ತಿದ್ದಳು. ಅಪ್ಪನಿಗೆ ಅದು ಗೊತ್ತೇ ಇಲ್ಲವೆಂದುಕೊಂಡಿದ್ದಳು; ಬಾಯಿಬಿಟ್ಟು ಹೇಳಿದ್ದರೆ ಸೂರು ಹಾರಿಹೋಗುವಂತೆ ಕೂಗಾಡುತ್ತಿದ್ದ.

"ಅಣ್ಣಾ, ಈ ಕಟಿಂಗ್ ಮಾಡಿದ್ದು ಯಾರು?"

ಅವನು ಕುತ್ತಿಗೆ ಸವರಿಕೊಂಡು ನಕ್ಕ. "ಒಳಗೊಬ್ಬ ಯಜಮಾನರಿದ್ದಾರಮ್ಮ. ನಾಲ್ಕು ಜನರ ಮುಂದೆ ಹೋಗೋನು ನೆಟ್ಟಗೆ ಹೋಗು ಅಂತ ಹಿಡಿದು ಕೂರಿಸಿದ್ರು. ಕಿವಿ ಹಿಂದೆ ಸ್ವಲ್ಪ ಉಳೀತು ಅಂದಿದ್ದಕ್ಕೆ ಕೆಂಡವಾದ್ರು. 'ಅದು ನನ್ನ ಕಣ್ಣಿಗೆ ಬೀಳಲ್ಲ ಕಣಯ್ಯ. ಅದು ನನ್ನ ಮಗಳ ಕೆಲಸ. ನನಗಿಂತ ಅವಳ ಕೈ ನಯ,' ಅಂದ್ರು."

ಅಂಗಡಿಯಲ್ಲಿ ಒಂದು ದಿನವೂ ಅಪ್ಪ ಆ ಮಾತು ಆಡಿದವನಲ್ಲ. ಅವಳು ಕಣ್ಣೊರೆಸಿಕೊಂಡು, ತಲೆಯೆತ್ತಿ ಕಿಂಡಿಯ ಬಳಿಗೆ ನಡೆದು ಗಾಜು ತಟ್ಟಿದಳು.

"ಇನ್ನೊಂದ್ಸಲ ನೋಡಿ ಸಾರ್. ನಮ್ಮಪ್ಪ ಒಳಗೇ ಇದ್ದಾರೆ. ಅವರು ಬಾಕಿ ಬಿಟ್ಟ ಕೆಲಸ ಮುಗಿಸೋಕೆ ಮಗಳು ಬಂದಿದ್ದಾಳೆ ಅಂತ ಹೇಳಿ."