ಇಳಿತಕ್ಕೆ ಕಾದ ಮಧ್ಯಾಹ್ನ

ಹುರಿದ ಕೊತ್ತಂಬರಿಯನ್ನು ತೆಂಗಿನ ತುರಿಯ ಜೊತೆ ಅರೆಯುವ ವಾಸನೆ ಬಂದರೆ ಈಗಲೂ ನನಗೆ ದಹಿಸರ್ ನದಿಯ ದಡ ನೆನಪಾಗುತ್ತದೆ.

ಎಪ್ಪತ್ತರ ದಶಕವದು. ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಶಾಂತಕ್ಕ ಕಾಲೇಜಿನಲ್ಲಿ ಓದುತ್ತಿದ್ದಳು. ಸಿಹಿನೀರಿನ ಮರುವಾಯಿ, ಅಂದರೆ ಕಪ್ಪೆಚಿಪ್ಪಿನ ಜೀವಿಗಳು, ಎಷ್ಟು ಆಳದಲ್ಲಿ ಬದುಕುತ್ತವೆ ಎಂದು ನೋಡಲು ಒಂದು ದಿನ ಆ ನದಿಗೆ ಹೊರಟಿದ್ದಳು. ಉಡುಪಿ ಕಡೆಯ, ಸಮುದ್ರದ ನೀರು ಏರಿಳಿಯುವ ಹೊಳೆಯಲ್ಲಿ ಅಡುಗೆಗೆ ಮರುವಾಯಿ ಹೆಕ್ಕಿ ಬೆಳೆದ ಅಮ್ಮ, ಬೆಳಿಗ್ಗೆಯೇ ಮಸಾಲೆ ಅರೆದಿಟ್ಟು, ಬುಟ್ಟಿ ಹಿಡಿದು, ನನ್ನನ್ನೂ ಕರೆದುಕೊಂಡು ಅವಳ ಜೊತೆ ಲೋಕಲ್ ರೈಲು ಹತ್ತಿದಳು.

ಶಾಂತಕ್ಕ ಗೆರೆ ಎಳೆದ ಬಿದಿರನ್ನು ನೀರಿಗಿಳಿಸಿ ಆಳ ನೋಡುತ್ತಿದ್ದಳು. ಅಮ್ಮ ಬಂಡೆಯ ಮೇಲೆ ಕೂತೇ ಇದ್ದಳು.

"ಇಳಿತ ಆಗಲಿ, ಆಮೇಲೆ ಕಾಲಲ್ಲೇ ತಡಕಿ ಹುಡುಕಿ ಕೊಡ್ತೇನೆ."

ಮಧ್ಯಾಹ್ನ ದಾಟಿದರೂ ನೀರು ಅದೇ ಗೆರೆಯಲ್ಲಿತ್ತು.

"ಅಕ್ಕಾ, ಸಮುದ್ರ ಇಷ್ಟು ಮೇಲೆ ಬರುವುದಿಲ್ಲ. ಇಲ್ಲಿ ಇಳಿತವೇ ಇಲ್ಲ," ಎಂದಳು ಶಾಂತಕ್ಕ ಮೆಲ್ಲಗೆ.

ಅಮ್ಮ ಸೀರೆ ಎತ್ತಿ ಸಿಕ್ಕಿಸಿ ನೀರಿಗಿಳಿದಳು. ಅಂಗಾಲಿಗೆ ಸಿಕ್ಕ ಒಂದು ಮರುವಾಯಿಯನ್ನು ಎತ್ತಿ ಮೂಸಿದಳು. ಉಪ್ಪಿನ ವಾಸನೆ ಇರಲಿಲ್ಲವೇನೋ, ಅದನ್ನು ಶಾಂತಕ್ಕನ ಕೈಗಿಟ್ಟು ದಡಕ್ಕೆ ಬಂದುಬಿಟ್ಟಳು.

ಅಂದಿನ ರಾತ್ರಿಯ ಊಟಕ್ಕೆ ಆ ಮಸಾಲೆಗೆ ಬಟಾಟೆ ಬಿದ್ದಿತ್ತು. ಮಾಟುಂಗದ ಹೋಟೆಲಿನ ಕೆಲಸ ಮುಗಿಸಿ ಬಂದ ಅಪ್ಪ ಕೇಳಿದರು, "ಮರುವಾಯಿ ಎಲ್ಲಿ?"

"ಈ ಊರಲ್ಲಿ ನೀರು ಇಳಿಯುವುದೇ ಇಲ್ಲ ಮಾರಾಯ್ರೇ," ಎಂದಳು ಅಮ್ಮ, ತಲೆ ಎತ್ತದೆ.