ದೊಡ್ಡ ಗಾಡಿ ಯಾರ ಕೈಗೆ?

“ಸಣ್ಣದ ಸಾಕು ಬಿಡ್ರಿ. ಓಡಿಸೋಳು ಹೆಣ್ಮಗಳು,” ಎಂದು ಗವಿಸಿದ್ದೇಶ್ ಷೋರೂಮಿನ ಭೀಮರಾಜನಿಗೆ ತೀರ್ಪು ಕೊಟ್ಟೇಬಿಟ್ಟ. ಹಿರೇಹಡಗಲಿಯ ಅವನ ಮನೆ ಮುಂದೆ ಎರಡು ಹೊಸ ಟ್ರ್ಯಾಕ್ಟರ್ ನಿಂತಿದ್ದವು, ಒಂದು ಸಣ್ಣದು, ಒಂದು ದೊಡ್ಡದು. ಓಡಿಸಿ ನೋಡಿ ಆರಿಸಿಕೊಳ್ಳಲಿ ಎಂದು ಭೀಮರಾಜ ಬೆಳಿಗ್ಗೆಯೇ ತಂದು ನಿಲ್ಲಿಸಿದ್ದ. ಮನೆಯಲ್ಲಿ ಹಳೆಯ ಸಣ್ಣದೊಂದು ಇದ್ದೇ ಇತ್ತು. ಎರಡನೆಯದು ಬಂದರೆ ಅದು ಹೆಂಡತಿ ವಾಣಿಶ್ರೀ ಕೈಗೆ ಎಂದು ಮೊದಲೇ ಮಾತಾಗಿತ್ತು.

“ಕುಡಗೋಲು ಐತಿ ಅಂತ ಇನ್ನೊಂದು ಕುಡಗೋಲು ತರ್ತಾರೇನ್ರಿ?” ವಾಣಿಶ್ರೀ ಸೆರಗು ಸೊಂಟಕ್ಕೆ ಸಿಗಿಸಿದಳು. “ಎಡಿ ಹೊಡದು ಕಳೆ ತೆಗಿಯಾಕ ನಮ್ಮ ಹಳೇದು ಸಾಕು. ಎರಿ ಹೊಲದಾಗ ನೇಗಿಲು ಇಳಿಸಿದ್ರ ಅದು ಏದುಸಿರು ಬಿಟ್ಟು ನಿಂದ್ರತೈತಿ. ವರ್ಷಾ ಮಂದಿ ಗಾಡಿಗೆ ಕಾಯ್ಕೊಂತ ಕುಂದ್ರತೀವಿ. ನನಗ ದೊಡ್ಡದ ಬೇಕು.”

“ಹಂಗಾದ್ರ ದೊಡ್ಡದು ನನಗ, ಹಳೇದು ನಿನಗ.”

ಎಷ್ಟು ಸಲೀಸಾಗಿ ಅಂದುಬಿಟ್ಟ ನೋಡಿ! ವಾಣಿಶ್ರೀಗೆ ಮೈಯೆಲ್ಲ ಉರಿಯಿತು. ಆ ಎತ್ತರದ ಸೀಟಿನಲ್ಲಿ ಕೂತು ಕಪ್ಪು ಎರೆ ಭೂಮಿಯನ್ನು ಬುಡಮೇಲು ಮಾಡಬೇಕೆಂದು ಅವಳು ಮುಂಗಾರಿನಿಂದ ಹಂಬಲಿಸಿದ್ದಳು. ಅದು ಈಗ ಗಂಡನ ಪಾಲಾದರೆ ಮತ್ತೆ ಯಾವ ಜನ್ಮಕ್ಕೋ. ಅವಳು ಅತ್ತೆಯ ಕಡೆ ನೋಡಿದಳು.

ಅತ್ತೆ ಅನ್ನದಾನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತಿದ್ದಳು. ಹೊಲ ಅವಳದು, ಕೊನೆಯ ಮಾತೂ ಅವಳದೇ. ಮಗನ ಟ್ರ್ಯಾಕ್ಟರಿಗೆ ಮಾತ್ರ ಅವಳು ಒಂದು ದಿನವೂ ಹತ್ತಿದವಳಲ್ಲ. ಹೊಲಕ್ಕೆ ಬಿಡ್ತೀನಿ ಬಾ ಎಂದು ಮಗ ಕರೆದಾಗಲೆಲ್ಲ “ಬ್ಯಾಡಪ್ಪ, ನನ್ನ ಕಾಲು ಗಟ್ಟಿ ಅದಾವ” ಎಂದು ಚಪ್ಪಲಿ ಮೆಟ್ಟಿ ಬಿರಬಿರನೆ ನಡೆದುಬಿಡುತ್ತಿದ್ದಳು. ಈಗ ಎಲೆ ಉಗಿದು ಹೇಳಿದಳು: “ಟ್ರೈಲರ್ ಕಟ್ರಿ. ದೊಡ್ಡದನ್ನ ಸಂದ್ಯಾಗ ಹಾಯ್ಸಿ ಹಿಂದಕ್ಕ ಬಿಟ್ಟು ಕಣಕ್ಕ ಯಾರು ಹಾಕ್ತಾರೋ ಅವರದು ಆ ಗಾಡಿ.”

ನಮ್ಮ ಕಡೆ ಡ್ರೈವರನ್ನು ಅಳೆಯುವುದೇ ಹೀಗೆ. ಮುಂದಕ್ಕೆ ಯಾರು ಬೇಕಾದರೂ ಓಡಿಸುತ್ತಾರೆ. ಟ್ರೈಲರ್ ಕಟ್ಟಿ ಹಿಂದಕ್ಕೆ ಬಿಟ್ಟಾಗ ಬಂಡವಾಳ ಬಯಲಾಗುತ್ತದೆ. ಇದಕ್ಕೇ ಊರೂರಲ್ಲಿ ಪಂದ್ಯ ಕಟ್ಟುತ್ತಾರೆ. ಕಣಕ್ಕೆ ಹೋಗುವ ಇವರ ಸಂದಿಯೋ, ಒಂದು ಕಡೆ ಬೇವಿನ ಕಟ್ಟೆ, ಇನ್ನೊಂದು ಕಡೆ ಪಕ್ಕದ ಮನೆಯ ಶಿವಮ್ಮನ ಗೋಡೆ. ಟ್ರೈಲರ್ ಕಟ್ಟುವ ಸದ್ದಿಗೇ ಶಿವಮ್ಮ ಕಸಬರಿಗೆ ಹಿಡಿದು ಹೊರಗೆ ಬಂದಳು. “ಗವೀ, ಹ್ವಾದ ಸಲ ನೀ ಗುದ್ದಿದ ಮ್ಯಾಲ ಗ್ವಾಡಿಗೆ ಮೆತ್ತಿದ ಗಿಲಾವಿ ಇನ್ನಾ ಹಸಿ ಐತಿ, ನೆಪ್ಪಿರ್ಲಿ!”

ಗವಿಸಿದ್ದೇಶ್ ನಗುತ್ತಲೇ ಹತ್ತಿದ. ಇಂಜಿನ್ ಗುಡುಗಿತು. ಅವನ ಅಭ್ಯಾಸವೇ ಒಂದು, ಸಿಕ್ಕಿಕೊಂಡಲ್ಲೆಲ್ಲ ಆಕ್ಸಿಲರೇಟರ್ ಒತ್ತುವುದು. ಹಳೆಯ ಗಾಡಿ ಬಡಪಾಯಿ, ಒತ್ತಿದರೂ ಗೊಣಗಿಕೊಂಡು ಸುಮ್ಮನಿರುತ್ತಿತ್ತು. ಇದು ಸುಮ್ಮನಿರುವ ಜಾತಿಯಲ್ಲ. ಟ್ರೈಲರ್ ಒಮ್ಮೆಲೇ ಮಡಚಿಕೊಂಡು ಶಿವಮ್ಮನ ಗೋಡೆಗೆ ಮೂಗು ತಿಕ್ಕಿತು. ಮುಂದಕ್ಕೆ ತಂದ, ಮತ್ತೆ ಹಿಂದಕ್ಕೆ ಬಿಟ್ಟ. ಈ ಸಲ ಬೇವಿನ ಕಟ್ಟೆಯ ಕಲ್ಲೊಂದು ಕೆಳಗೆ ಬಿತ್ತು. ಶಿವಮ್ಮನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ಅವನು ಗಾಡಿಯನ್ನು ಮತ್ತೆ ಮುಂದಕ್ಕೆ ತಂದು ನಿಲ್ಲಿಸಿ, ಬೆವರು ಒರೆಸಿಕೊಂಡು ಇಳಿದ. “ಇದರ ಸ್ಟೇರಿಂಗ್ ಸರಿ ಇಲ್ಲವ್ವ. ಸಣ್ಣದ ತಗೊಳ್ಳೋಣು.”

“ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ,” ಎಂದಳು ಅನ್ನದಾನಮ್ಮ. “ವಾಣೀ, ಹತ್ತು.”

ವಾಣಿಶ್ರೀ ಹತ್ತಿದಳು. ಬೀದಿಯ ಅರ್ಧ ಮಂದಿ ಆಗಲೇ ನೆರೆದಿದ್ದರು. ಅವಳು ಯಾರನ್ನೂ ನೋಡಲಿಲ್ಲ. ಸೀಟಿನಲ್ಲಿ ಸೊಂಟ ತಿರುಗಿಸಿ ಕೂತು ಟ್ರೈಲರಿನ ಗಾಲಿಯ ಮೇಲೆ ಕಣ್ಣಿಟ್ಟಳು. ನಿಧಾನದ ರಿವರ್ಸ್ ಗೇರ್ ಹಾಕಿ ಆಕ್ಸಿಲರೇಟರಿನಿಂದ ಕಾಲು ತೆಗೆದಳು. ಅಷ್ಟು ದೊಡ್ಡ ಇಂಜಿನ್ನು ತನ್ನ ಬಲದಲ್ಲೇ ಮೆಲ್ಲಗೆ ಹಿಂದಕ್ಕೆ ಸರಿಯಿತು. ಟ್ರೈಲರ್ ಎಡಕ್ಕೆ ಎಳೆದರೆ ಅವಳೂ ಸ್ಟೇರಿಂಗನ್ನು ಎಡಕ್ಕೇ ತುಸು ತಿರುಗಿಸುವಳು, ಅದು ಬಲಕ್ಕೆ ಬಂದು ನೆಟ್ಟಗಾಗುವುದು. ಎಲ್ಲ ಗೇಣು, ಅರ್ಧ ಗೇಣಿನ ಲೆಕ್ಕ. ಕಟ್ಟೆ ದಾಟಿತು, ಗೋಡೆ ದಾಟಿತು, ಕಣ ಬಂತು. ಶಿವಮ್ಮ ಗಿಲಾವಿ ಮುಟ್ಟಿ ನೋಡಿ “ಅಬಬಬಾ! ಧೂಳು ಸೈತ ಉದುರಿಲ್ಲ!” ಎಂದು ಕಸಬರಿಗೆ ಎತ್ತಿ ಕುಣಿಸಿದಳು. ಬೀದಿಯ ಹುಡುಗರು ಸೀಟಿ ಹೊಡೆದರು.

“ಇದನ್ನ ಯಾವಾಗ ಕಲ್ತಿ?” ಗವಿಸಿದ್ದೇಶ್ ಬಾಯಿ ತೆರೆದೇ ನಿಂತಿದ್ದ.

“ದಿನಾ ಸಂಜಿಕ ನೀವು ಟ್ರೈಲರ್ ಸಮೇತ ಗಾಡಿ ರೋಡಿನ್ಯಾಗ ಬಿಟ್ಟು ಚಾ ಕುಡಿಯಾಕ ಹೋಗ್ತಿದ್ರಲ್ಲ, ಕಣಕ್ಕ ಯಾರು ತಂದು ಹಾಕ್ತಾರಂತ ಮಾಡಿದ್ರಿ?”

“ಆಳು ಗಾಳೆಪ್ಪ…”

“ಗಾಳೆಪ್ಪಗ ಸೈಕಲ್ ನೆಟ್ಟಗ ತುಳಿಯಾಕ ಬರಂಗಿಲ್ಲೋ, ಮಗನ!” ಅನ್ನದಾನಮ್ಮ ಕಟ್ಟೆಯಿಂದ ಎದ್ದಳು. ದಿನಾ ಇದೇ ಕಟ್ಟೆಯ ಮೇಲೆ ಕೂತು ಅವಳು ಎಲ್ಲ ನೋಡಿದ್ದಳು. ಅದಕ್ಕೇ ಈ ಪಂದ್ಯ.

ಗವಿಸಿದ್ದೇಶ್ ತಲೆ ಕೆರೆದುಕೊಂಡ. ಆಮೇಲೆ ತಡೆಯಲಾರದೆ ತಾನೂ ನಕ್ಕುಬಿಟ್ಟ. “ಆತು ಬಿಡು, ದೊಡ್ಡದು ನಿಂದ,” ಎಂದ. ಭೀಮರಾಜ ಸಣ್ಣ ಗಾಡಿಯನ್ನು ವಾಪಸ್ಸು ತಿರುಗಿಸಿದ. ವಾಣಿಶ್ರೀ ಟ್ರೈಲರ್ ಕಳಚಿ ದೊಡ್ಡ ಟ್ರ್ಯಾಕ್ಟರನ್ನು ಬೀದಿಗೆ ತಂದಳು, ಎರೆ ಹೊಲದಲ್ಲಿ ಒಂದು ಸುತ್ತು ನೋಡಿಯೇ ಬಿಡಬೇಕೆಂದು. ಕಟ್ಟೆಯ ಪಕ್ಕ ಬಂದಾಗ ಅನ್ನದಾನಮ್ಮ ಕೈ ಅಡ್ಡ ಹಿಡಿದಳು. ಚಪ್ಪಲಿ ಬಿಟ್ಟು ಮಗನ ಕೈಗೆ ಕೊಟ್ಟಳು, ಸೀರೆಯ ನಿರಿಗೆ ಎತ್ತಿ ಹಿಡಿದು ಮಡ್‌ಗಾರ್ಡಿನ ಮೇಲೆ ಹತ್ತಿ ಕೂತಳು.

“ಯಾಕೋ ಕಾಲು ಭಾಳ ನೋಯಾಕತ್ತಾವ, ವಾಣೀ. ಹೊಲದ ತನಕ ಬಿಡವ್ವ.”