ರೊಟ್ಟಿ ಮುರಿಯುವ ಮೊದಲು

"ತಪ್ಪಾಯ್ತು ಕಣಕ್ಕ" ಎಂದು ಶಾಂತಕುಮಾರಿ ಹೊಸ್ತಿಲ ಹೊರಗೇ ನಿಂತು ಹೇಳಿದಳು. ಕೊಟ್ರಮ್ಮ ಮಗ್ಗದಿಂದ ತಲೆ ಎತ್ತಲಿಲ್ಲ. ಆಕೆ ನೇಯ್ದ ಸೀರೆ ಅಪ್ಪಟ ರೇಷ್ಮೆಯಲ್ಲವೆಂದು ಮೊಳಕಾಲ್ಮೂರಿನ ಗಿರಾಕಿಗಳ ಮುಂದೆ ಆಡಿದವಳು ಶಾಂತಕುಮಾರಿಯೇ. ತಾವು ನೋಯಿಸಿದವರೊಡನೆ ರಾಜಿಯಾಗದೆ ಚರ್ಚಿನಲ್ಲಿ ಹಂಚುವ ಪ್ರಭುಭೋಜನದ ರೊಟ್ಟಿ ಮುಟ್ಟಬಾರದೆಂದು ಪಾಸ್ಟರು ಹೇಳಿದ್ದರಿಂದ, ಆರಾಧನೆಯ ನಡುವೆಯೇ ಎದ್ದು ಬಂದಿದ್ದಳು.

"ನಿಮ್ ಪಾಸ್ಟರು ಕಳಿಸಿದ್ರಾ, ಇಲ್ಲಾ ನಿನಗೇ ಅನ್ನಿಸ್ತಾ?" ಎಂದಳು ಕೊಟ್ರಮ್ಮ. ಲಾಳಿ ಓಡುತ್ತಲೇ ಇತ್ತು.

ಶಾಂತಕುಮಾರಿಗೆ ರೇಗಿತು. "ಅವರೇ ಕಳಿಸಿದ್ದು! ನನಗಿನ್ನೂ ಸಿಟ್ಟು ಐತೆ. ಬಂದೋರೆಲ್ಲ ನಿನ್ನ ಸೀರೆನೇ ಕೇಳ್ತಾರೆ, ನನ್ನ ಮಗ್ಗದ ಕಡೆ ತಿರುಗಿ ನೋಡಲ್ಲ. ಆ ಹೊಟ್ಟೆಉರಿಗೆ ಸುಳ್ಳು ಹೇಳ್ದೆ. ಸಾಕಾ?"

ಲಾಳಿ ನಿಂತಿತು. ಕೊಟ್ರಮ್ಮ ಕೂತ ಹಲಗೆಯ ಮೇಲೆ ತುಸು ಪಕ್ಕಕ್ಕೆ ಸರಿದಳು.

"ಬಿಸಿಲಾಗೆ ಯಾಕ್ ನಿಂತಿದ್ದೀಯೇ? ಒಳಕ್ಕೆ ಬಾ."